ಡಾಕ್ಟರ್ ಚಿಕ್ಕಬೈರಪ್ಪನವರ ಹೊಸ ಪದ್ಯ

ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದ ಆ ದಿನಗಳಲ್ಲಿ, ದಿನಸಿ ಅಂಗಡಿಯ ಕರಿಬಸವಯ್ಯನ ಪ್ರಕಾರ, ಎದುರಿನ ಡಾಕ್ಟರ್ ಚಿಕ್ಕಬೈರಪ್ಪನವರಷ್ಟು ಜಾಣ ವ್ಯಾಪಾರಿ ಇನ್ನೊಬ್ಬರಿರಲಿಲ್ಲ. ಔಷಧಿಗೆಂದು ಬಂದವರಿಗೆಲ್ಲ ಅವರು ತಮ್ಮ ಪದ್ಯವನ್ನೂ ಗಂಟುಹಾಕಿ ಕಳಿಸುತ್ತಿದ್ದರು. ಮೊದಲು ರೋಗಿಯ ಬಾಯಿಗೆ ಥರ್ಮಾಮೀಟರ್ ಇಡುವರು, ಬೇಡ ಎನ್ನಲು ಅವನಿಗೆ ಬಾಯಿಲ್ಲದಂತಾದ ಮೇಲೆ ಜೇಬಿನಿಂದ ನೋಟ್‌ಬುಕ್ ತೆಗೆಯುವರು. ಜ್ವರ ಒಂದೇ ನಿಮಿಷದಲ್ಲಿ ಗೊತ್ತಾದರೂ ಪದ್ಯ ಮುಗಿಯುವವರೆಗೆ ಥರ್ಮಾಮೀಟರ್ ಹೊರಗೆ ಬರುತ್ತಿರಲಿಲ್ಲ. ಮಕ್ಕಳಿಗೆ ನಾಲ್ಕು ಸಾಲು, ದೊಡ್ಡವರಿಗೆ ನಲವತ್ತು. "ನೆಗಡಿಗೆ ಅಂತ ಹೋಗಿದ್ದೆ ಕಣಣ್ಣೋ, ತಲೆನೋವು ತಗೊಂಡ್ ಬಂದೆ" ಎಂದು ಹಾಲಿನ ಸೊಣ್ಣಮ್ಮ ಅಂಗಡಿ ಮುಂದೆ ನಿಂತು ನಗುವಳು. ಆದರೆ ಕಾಯಿಲೆ ಕೈಮೀರುವಂತಿದ್ದರೆ ಮಾತ್ರ ಡಾಕ್ಟರು ಪದ್ಯದ ಗೊಡವೆಗೇ ಹೋಗುತ್ತಿರಲಿಲ್ಲ. ಇದು ಅವರಿಗೇ ತಿಳಿಯದಿದ್ದರೂ ಬಡಾವಣೆಗೆಲ್ಲ ತಿಳಿದಿತ್ತು. ಹಾಗಾಗಿ ಕರಿಬಸವಯ್ಯನ ಹೆಂಡತಿ ಕಮಲಾದೇವಿ ಟೈಫಾಯಿಡ್‌ನಿಂದ ಮಲಗಿದಾಗ, ಡಾಕ್ಟರು ಆರು ದಿನ ಬಂದು ನಾಡಿ ಹಿಡಿದು ಒಂದೂ ಪದ್ಯ ಓದದೆ ಎದ್ದುಹೋದದ್ದನ್ನು ಕಂಡು ಅವನಿಗೆ ಕೈಕಾಲೇ ಆಡದಾಯಿತು. ಏಳನೆಯ ಬೆಳಿಗ್ಗೆ ಅವರು ಥರ್ಮಾಮೀಟರ್ ನೋಡಿ, ಅದನ್ನು ಮತ್ತೆ ಆಕೆಯ ಬಾಯಿಗೇ ಇಟ್ಟು, ಕುರ್ಚಿ ಎಳೆದುಕೊಂಡು, "ತಾಯಿ, ಹೊಸದೊಂದು ಬರ್ದಿದೀನಿ, ಸ್ವಲ್ಪ ಉದ್ದ ಇದೆ" ಎಂದರು. ಎರಡನೆಯ ಸಾಲಿಗೇ ಕರಿಬಸವಯ್ಯ ಹೆಗಲ ಮೇಲಿನ ಟವೆಲಿಗೆ ಮುಖ ಒತ್ತಿ ಬಿಕ್ಕಿದ. ಡಾಕ್ಟರು ಕನ್ನಡಕದ ಮೇಲಿಂದ ಅವನನ್ನು ನೋಡಿ, "ಆ ಸಾಲು ಬರೀವಾಗ ನಂಗೂ ಹಿಂಗೇ ಆಯ್ತು ಸಾವ್ಕಾರ್ರೇ" ಎಂದು ಮತ್ತೆ ಮೊದಲಿನಿಂದ ಓದತೊಡಗಿದರು.