ಆಕ್ಲೆಂಡಿನ ಏಳೂವರೆ ಗಂಟೆ

ಇದನ್ನು ಹೇಳುವುದನ್ನು ನಾಲ್ಕು ವರ್ಷದಿಂದ ಮುಂದೂಡುತ್ತ ಬಂದಿದ್ದೇನೆ. ಪ್ರತಿ ಸಲ ಅಮ್ಮನ ತಿಥಿಯ ದಿನ ಹೇಳೋಣವೆಂದುಕೊಳ್ಳುತ್ತೇನೆ. ಎಲೆ ಹಾಕುವ ಹೊತ್ತಿಗೆ ಬೇಡವೆನಿಸುತ್ತದೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಜಯನಗರದ ಬಸ್ ನಿಲ್ದಾಣದಲ್ಲಿ ಟೈಮ್ ಕೀಪರ್ ಆಗಿದ್ದೆ. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ತಡ ಎಂದು ಬರೆದುಕೊಳ್ಳುವ ಕೆಲಸ. ಹಾಗಾಗಿ ಯಾರು ಯಾವಾಗ ಬಂದು ಸೇರುತ್ತಾರೆ ಎನ್ನುವುದರಲ್ಲಿ ನಮ್ಮ ಮನೆಯವರು ನನ್ನ ಮಾತನ್ನು ದಾಟುವುದಿಲ್ಲ.

ಅಮ್ಮ ಒಂದು ಸೋಮವಾರ ಬೆಳಿಗ್ಗೆ ಯಡಿಯೂರಿನ ನಮ್ಮ ಮನೆಯಲ್ಲಿ ತೀರಿಕೊಂಡಳು. ತಂಗಿ ತನ್ನ ಮಗಳ ಬಾಣಂತನಕ್ಕೆಂದು ಆಕ್ಲೆಂಡಿಗೆ ಹೋಗಿದ್ದಳು. ಅಲ್ಲಿಯ ಮಂಗಳವಾರ ನಸುಕಿನ ಒಂದು ಗಂಟೆಗೆ ವಿಮಾನ, ಸಿಂಗಪುರದಲ್ಲಿ ಕಾಯುವುದೂ ಸೇರಿ ಇಪ್ಪತ್ತು ಗಂಟೆ ಎಂದು ಫೋನಿನಲ್ಲಿ ಹೇಳಿದಳು. ಆಮೇಲೆ, "ಅಣ್ಣ, ಅಮ್ಮನ ಬಾಯಿಗೆ ಅಕ್ಕಿ ಹಾಕ್ಬೇಕು. ನಾನು ಬರೋವರ್ಗೂ ತೆಗೀಬೇಡಿ" ಎಂದಳು. ವಿಮಾನ ಹತ್ತಿದ ಮೇಲೆ ಅವಳ ಫೋನ್ ಸಿಗಲಿಲ್ಲ.

ಮಂಗಳವಾರ ಸಂಜೆವರೆಗೂ ಕಾಯಬಹುದು ಎಂದರು ಪುರೋಹಿತರು. ನಾನು ಮೊಬೈಲಿನಲ್ಲಿ ನೋಡಿದೆ. ಹನ್ನೊಂದೂವರೆ ಸಾವಿರ ಕಿಲೋಮೀಟರ್, ಗಡಿಯಾರದಲ್ಲಿ ಏಳೂವರೆ ಗಂಟೆ ವ್ಯತ್ಯಾಸ. ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಕೂಡಿದೆ. ಬುಧವಾರ ಬೆಳಗಿನ ಜಾವ ನಾಲ್ಕೂವರೆ ಬಂತು. ಅಷ್ಟು ಹೊತ್ತು ಇಡಲಾಗದು ಎಂದು ಎಲ್ಲರೂ ಒಪ್ಪಿದರು. ಮಂಗಳವಾರ ಹನ್ನೊಂದಕ್ಕೆ ಬನಶಂಕರಿಯ ಚಿತಾಗಾರಕ್ಕೆ ಒಯ್ದೆವು.

ಹಿಂತಿರುಗಿ ಸ್ನಾನ ಮಾಡಿ ಕೂತಿದ್ದೆವು. ನಾಲ್ಕು ಗಂಟೆಗೆ ಗೇಟಿನ ಮುಂದೆ ಟ್ಯಾಕ್ಸಿ ನಿಂತಿತು. ತಂಗಿ ಇಳಿದಳು. ನಮ್ಮ ಒದ್ದೆ ತಲೆಗಳನ್ನು ನೋಡಿದಳು. ಚಪ್ಪಲಿಯನ್ನೂ ಬಿಡದೆ ನಡುಮನೆಗೆ ಬಂದು, ಅಮ್ಮನನ್ನು ಮಲಗಿಸಿದ್ದ ಜಾಗದಲ್ಲಿ ಉರಿಯುತ್ತಿದ್ದ ದೀಪದ ಮುಂದೆ ನಿಂತಳು.

"ಕಾಯ್ಲಿಲ್ವಾ ಅಣ್ಣ?"

ಆಗಲೇ ನನಗೆ ಹೊಳೆಯಿತು. ಆಕ್ಲೆಂಡ್ ನಮಗಿಂತ ಮುಂದೆ. ಅಲ್ಲಿಂದ ಬರುವವರಿಗೆ ಏಳೂವರೆ ಗಂಟೆ ಕಳೆಯಬೇಕು. ನಾನು ಕೂಡಿದ್ದೆ.

"ಪುರೋಹಿತ್ರು ಆಗಲ್ಲ ಅಂದ್ಬಿಟ್ರು" ಎಂದೆ.

ಪುರೋಹಿತರು ಅಲ್ಲೇ ಮೂಲೆಯ ಕುರ್ಚಿಯಲ್ಲಿದ್ದರು. ನನ್ನನ್ನು ಒಂದು ಸಲ ನೋಡಿ, ಹತ್ತನೆಯ ದಿನಕ್ಕೆ ಬೇಕಾದ ಸಾಮಾನಿನ ಪಟ್ಟಿ ಬರೆಯಲು ಪೆನ್ನು ಕೇಳಿದರು. ಕೊಟ್ಟೆ.

ಅಂದಿನಿಂದ ತಂಗಿ ಅವರ ಜೊತೆ ಮಾತಾಡಿಲ್ಲ. ಜೆ.ಪಿ. ನಗರದ ಅವಳ ಮನೆಯ ಗೃಹಪ್ರವೇಶಕ್ಕೆ ಬೇರೆಯವರನ್ನು ಕರೆಸಿದಳು. ನಾನು ಹೋಗಿ ಪುರೋಹಿತರ ಕ್ಷಮೆ ಕೇಳಿದೆ. "ಬಿಡಿ ಸಾರ್, ನಂಗೆ ಹೇಳಿ ಏನು ಪ್ರಯೋಜನ" ಎಂದರು.

ಹೋದ ವಾರ ತಂಗಿ ಬಂದಿದ್ದಳು. ಮಗಳಿಗೆ ಎರಡನೆಯ ಹೆರಿಗೆ, ಮತ್ತೆ ಹೊರಟಿದ್ದಾಳೆ. ಅಲ್ಲಿಗೆ ಎಷ್ಟು ಹೊತ್ತಿಗೆ ತಲುಪುತ್ತೇನೆ ನೋಡು ಎಂದು ಹೊರಡುವ ಹೊತ್ತನ್ನೂ ಪ್ರಯಾಣದ ಗಂಟೆಗಳನ್ನೂ ಹೇಳಿದಳು. ಈ ಸಲ ಕೂಡುವುದೇ ಸರಿ. ಕೂಡಿ ಹೇಳಿದೆ.

"ಅಳಿಯ ಬೇರೆ ಏನೋ ಅಂದ. ನೀನು ಹೇಳಿದ್ಮೇಲೆ ಮುಗೀತು" ಎಂದು ಅದನ್ನೇ ಬರೆದುಕೊಂಡಳು.

ಪುರೋಹಿತರ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಇನ್ನೂ ಕ್ಷಮೆ ಕೇಳದೆ ಇರುವುದು ನನ್ನ ತಂಗಿಯನ್ನು.