ಕುದುರೆ ಕಟ್ಟುವ ಜಾಗ

ಬಹರೈನಿನ ಅರಾದಿನಲ್ಲಿರುವ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ನಾನು ಬಟ್ಟೆ ಹರವುವುದು ಒಂದು ದಪ್ಪ ನೀಲಿ ಹಗ್ಗದ ಮೇಲೆ. ಬೇಸಗೆಯ ಕೊನೆಗೆ ಸಮುದ್ರದಿಂದ ತೇವ ಏರಿ ಬರುವ ದಿನಗಳಲ್ಲಿ ಆ ಹಗ್ಗ ವಾಸನೆ ಬಿಡುತ್ತದೆ. ಬೆವರು, ಒಣಹುಲ್ಲು, ಚರ್ಮ... ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗಿಲ್ಲ. ಮೊನ್ನೆ ಗಂಡನ ಶರಟಿಗೂ ಹತ್ತಿತ್ತು. "ಎಂತ, ಕುದುರೆ ಲಾಯದಲ್ಲಿ ಒಣಗಿಸಿದ್ದಾ?" ಅಂದರು. ಅಂದ ಮೇಲೆ ಅವರಿಗೂ ನೆನಪಾಗಿರಬೇಕು, ಶರಟನ್ನು ಮಡಚಿ ಕೊಟ್ಟರು. ನಾನು ಶರಟಿಗೆ ಇಸ್ತ್ರಿ ಹಾಕಿದೆ.

ಹಗ್ಗ ಮೇಲಿನ ಮನೆಯ ಬಾಯಮ್ಮನದು. ನಮ್ಮ ಕರಾವಳಿಯಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಹಾಗೇ ಕರೆಯುವುದು. ಬಹರೈನಿಗೆ ಬಂದರೂ ನನ್ನ ನಾಲಗೆಗೆ ಬೇರೆ ಹೆಸರು ಹತ್ತಲಿಲ್ಲ. ಆಸ್ಪತ್ರೆಯಲ್ಲಿ ಹಿರಿಯ ನರ್ಸು, ಒಂಟಿ ಜೀವ. ಐವತ್ತು ದಾಟಿದ ಮೇಲೆ ಕುದುರೆ ಸವಾರಿ ಕಲಿತಿದ್ದರು. ಕುದುರೆ ಕಂಡರೆ ಕಾಲುನೋವು ಅಂತ ಗಾದೆ, ಇವರದು ಉಲ್ಟಾ. ವಾರವಿಡೀ ವಾರ್ಡಿನಲ್ಲಿ ನಿಂತು ಕುಂಟುತ್ತ ಮನೆಗೆ ಬರುತ್ತಿದ್ದವರು, ಶುಕ್ರವಾರ ಬೆಳಿಗ್ಗೆ ಖರ್ಜೂರದ ತೋಟಗಳ ಬದಿಯ ಲಾಯಕ್ಕೆ ಹೊರಟರೆ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿಯುತ್ತಿದ್ದರು. ಓಟದಿಂದ ನಿವೃತ್ತಿಯಾದ ಮುದಿ ಹೆಣ್ಣುಕುದುರೆಯೊಂದು ಅವರ ಪಾಲಿಗೆ ಬಂದಿತ್ತು.

"ಈ ಮರಳಲ್ಲಿ ಗಾಣದ ಎತ್ತಿನ ಹಾಗೆ ಸುತ್ತಿ ಸಾಕಾಯ್ತು ಮಾರಾಯ್ತಿ. ಒಮ್ಮೆ ಬೆಟ್ಟ ಹತ್ಬೇಕು. ಮೇಲೆ ಡೇರೆ ಹಾಕಿ, ಕುದುರೆ ಹುಲ್ಲು ಅಗಿಯುವ ಸದ್ದು ಕೇಳ್ತಾ ಮಲಗ್ಬೇಕು," ಅನ್ನುತ್ತಿದ್ದರು. ಅದೊಂದೇ ಆಸೆ. ಬಹರೈನಿನಲ್ಲಿ ಬೆಟ್ಟ ಅಂದರೆ ಒಂದೇ. ನೋಡಿ ಬರೋಣವೆಂದು ಕಾರಿನಲ್ಲಿ ಹೋದೆವು. ಸುತ್ತ ಎಣ್ಣೆಯ ಪೈಪುಗಳು. ಬಾಯಮ್ಮ ಇಳಿಯಲೇ ಇಲ್ಲ. ತಮ್ಮ ಊರಿನ ಇಗರ್ಜಿಯ ಗುಡ್ಡೆ ಇದಕ್ಕಿಂತ ಎತ್ತರ ಅಂದರು.

ಆಮೇಲೆ ಶುರುವಾಯಿತು ಹುಡುಕಾಟ. ಆಫೀಸಿನಿಂದ ಬಂದು ನಾನು ಮುಖ ತೊಳೆಯುವಷ್ಟರಲ್ಲಿ ಬಾಗಿಲಲ್ಲಿ ನಿಂತಿರುತ್ತಿದ್ದರು. ಕುದುರೆಯ ಜೊತೆ ತಂಗಲು ಜಾಗ ಕೊಡುವ ಬೆಟ್ಟಗಳು ಎಲ್ಲೆಲ್ಲೋ ಇದ್ದವು... ಜಾರ್ಜಿಯಾದಲ್ಲಿ, ಕಿರ್ಗಿಸ್ತಾನದಲ್ಲಿ. ಮೇಲ್ ಬರೆಯುವುದು ನನ್ನ ಕೆಲಸ. ಪ್ರಶ್ನೆಗಳು ಅವರವು, ಅವುಗಳ ಕ್ರಮ ಬದಲಾಯಿಸುವಂತಿರಲಿಲ್ಲ. ನೀರು ಹತ್ತಿರ ಉಂಟಾ, ನೆಲ ಜಾರುತ್ತದಾ, ಕಟ್ಟಲು ಜಾಗ ಉಂಟಾ. ನಮಗೆ ಕಕ್ಕಸು ಉಂಟಾ ಅಂತ ಕೇಳುವುದು ಬೇಡವೇ ಅಂದೆ ನಾನು. "ನಮ್ಮದು ನಾವು ಕೇಳಿಕೊಳ್ಬಹುದು. ಪಾಪ, ಅದಕ್ಕೆ ಬಾಯಿ ಉಂಟಾ?" ಅಂದರು.

ಆ ವರ್ಷವೇ ಅವರಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಸೊಂಟದ ಎಲುಬಿಗೆ ಇಳಿದಿತ್ತು. ಸ್ಕ್ಯಾನನ್ನು ಡಾಕ್ಟರಿಗಿಂತ ಮೊದಲು ತಾವೇ ಓದಿಕೊಂಡಿದ್ದರು. ಊರಲ್ಲಿ ಮಳೆಗಾಲ ಮುಗಿಯುವವರೆಗೆ ಜೀನಿನ ಮೇಲೆ ಕೂರಬಹುದು, ಆಮೇಲೆ ಆಗಲಿಕ್ಕಿಲ್ಲ ಅಂದರು, ಡ್ಯೂಟಿ ಬದಲಾದ ಸುದ್ದಿ ಹೇಳುವ ಹಾಗೆ. ಡಾಕ್ಟರು ಸವಾರಿ ಕೂಡದೆಂದದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಊರಿಗೆ ಹೋಗುವುದು ಖಂಡಿತವಾಯಿತು. ಹಾಗಾದರೆ ಊರಿನ ಬೆಟ್ಟವೇ ಆಗಲಿ.

"ಕುದುರೆಮುಖ ಅಂತ ಹೆಸರಿಟ್ಟವರು ಒಂದು ಕುದುರೆ ಕಟ್ಲಿಕ್ಕೆ ಜಾಗ ಇಟ್ಟಿರುದಿಲ್ವಾ?"

ಇಟ್ಟಿರಲಿಲ್ಲ. ನನ್ನ ಫೋನಿನಿಂದ ಒಂದೊಂದೇ ಹೋಂಸ್ಟೇಗೆ ಕರೆ ಮಾಡಿದೆವು. ಎಲ್ಲರೂ ನಕ್ಕರು. ಬೆಟ್ಟದ ಮೂತಿ ಮಾತ್ರ ಕುದುರೆಯ ಹಾಗೆ ಮೇಡಂ, ಬೇಕಾದರೆ ಜೀಪು ಉಂಟು ಅಂದರು. ಕುದುರೆಗಳಿದ್ದದ್ದು ಕೆಳಗೆ, ಬೀಚಿನಲ್ಲಿ ಮಕ್ಕಳನ್ನು ಸುತ್ತಿಸುವಂಥವು, ಮದುವೆಯಲ್ಲಿ ಮದುಮಗನನ್ನು ಹೊರುವಂಥವು. ಅದರಲ್ಲೇ ಒಂದನ್ನು ಟೆಂಪೋ ಹತ್ತಿಸಿ ಕೊಂಡುಹೋಗುವುದೆಂದು ಬಾಯಮ್ಮ ತೀರ್ಮಾನಿಸಿಬಿಟ್ಟಿದ್ದರು. ಬೆಟ್ಟದ ಬುಡದಲ್ಲಿ ನಾಲ್ಕು ಕೋಣೆ ಇಟ್ಟುಕೊಂಡಿದ್ದ ಒಬ್ಬ ಮಾತ್ರ ನಗಲಿಲ್ಲ. ಕುದುರೆ ಎಂತ ತಿಂತದೆ ಅಂತ ಕೇಳಿದ. ಬಾಯಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಂಡು ಚಹಾ ಆರುವವರೆಗೆ ಪಾಠ ಹೇಳಿದರು. ಮಳೆ ಕಳೆಯಲಿ, ಕುದುರೆ ನಿಲ್ಲಲಿಕ್ಕೆ ಒಂದು ಹೆಂಚಿನ ಮಾಡು ಇಳಿಸಿ ಕೊಡುತ್ತೇನೆ ಅಂದ ಅವನು.

ಮಳೆ ಕಳೆಯಲಿ... ಬಾಯಮ್ಮ ಆರಿದ ಚಹಾ ಕುಡಿದು ಮುಗಿಸಿದರು.

ಜೂನಿನಲ್ಲಿ ಹೊರಟರು. ಮುದಿ ಕುದುರೆಯ ಹಗ್ಗವನ್ನು ಲಾಯದವರು ನೆನಪಿಗೆಂದು ಕೊಟ್ಟಿದ್ದರು. ಪೆಟ್ಟಿಗೆಯ ತೂಕ ಜಾಸ್ತಿಯಾಯಿತೆಂದು ಅದನ್ನು ನನ್ನ ಕೈಗಿಟ್ಟು, ರಜೆಗೆ ಬರುವಾಗ ತಾ, ಬೇರೆ ಹಗ್ಗ ನಂಬಲಿಕ್ಕಾಗುದಿಲ್ಲ ಅಂದರು. ನನಗೆ ಅಕ್ಟೋಬರಿಗೆ ಟಿಕೆಟ್ ಆಗಿತ್ತು.

ಊರಿನಲ್ಲಿ ಇನ್ನೂ ಮಳೆ ಇರುವಾಗಲೇ ಬಿಲ್ಡಿಂಗಿನ ವಾಟ್ಸಾಪ್ ಗುಂಪಿಗೆ ಬಾಯಮ್ಮನ ಸುದ್ದಿ ಬಂತು. ಆಫೀಸಿನಲ್ಲಿದ್ದೆ. ಓದಿದೆ. ಕೈಮುಗಿದ ಚಿತ್ರ ಒತ್ತಿದೆ. ಕೆಳಗೆ ಹೋಗಿ ಕರಕ್ ಚಹಾ ಕುಡಿದೆ, ಸಕ್ಕರೆ ಜಾಸ್ತಿಯಾಗಿತ್ತು. ಅಳು ಬರಲಿಲ್ಲ, ಈಗಲೂ ಬಂದಿಲ್ಲ. ಕಾಲು ಜೋಮು ಹಿಡಿದಾಗ ಚಿವುಟಿದರೆ ಯಾರದೋ ಕಾಲು ಅನ್ನಿಸುತ್ತದಲ್ಲ, ಹಾಗೆ. ಅವರ ಮೇಲೆ ನನಗೆ ತುಂಬ ಪ್ರೀತಿಯಿತ್ತು. ಇದನ್ನು ಬರೆಯುವಾಗಲೂ ಒಳಗೆ ಏನೂ ಆಗುತ್ತಿಲ್ಲ. ಆ ವಾರ ಟೆರೇಸಿನ ಹಳೆಯ ಹಗ್ಗ ತುಂಡಾಯಿತು, ಕುದುರೆಯ ಈ ನೀಲಿ ಹಗ್ಗ ಕಟ್ಟಿದೆ.

ನಿನ್ನೆ ಸಂಜೆ ಬಟ್ಟೆ ಒಣಗಿದೆಯೋ ಎಂದು ಮುಟ್ಟಿ ನೋಡುತ್ತಿದ್ದಾಗ ಊರಿನ ನಂಬರಿನಿಂದ ಕರೆ ಬಂತು. ಆ ಹೋಂಸ್ಟೇಯವನು.

"ಮೇಡಂ, ಕುದುರೆದು ಕೇಳಿದ್ರಲ್ಲ... ಮಾಡು ಆಯ್ತು."

ಎರಡು ಮಳೆಗಾಲ ಕಳೆಯಿತು, ತಡವಾದದ್ದಕ್ಕೆ ಬೇಜಾರು ಮಾಡಬೇಡಿ ಅಂದ. ಅವರು ತೀರಿಕೊಂಡರು ಎನ್ನಲು ಬಾಯಿ ತೆರೆದೆ. ಬಂದದ್ದು ಬೇರೆ.

"ನೀರು ಹತ್ತಿರ ಉಂಟಾ?"

ಹಳ್ಳ ಪಕ್ಕದಲ್ಲೇ ಉಂಟಂತೆ. ನೆಲ ಜಾರುತ್ತದಾ ಅಂತ ಕೇಳಿದೆ. ಮಣ್ಣು ಗಟ್ಟಿ ಮಾಡಿಸಿದ್ದಾನಂತೆ. ವಿಮಾನವೊಂದು ತಲೆಯ ಮೇಲೆ ಇಳಿದುಹೋಯಿತು, ಅದರ ಸದ್ದು ಅಡಗುವವರೆಗೆ ಅವನು ಕಾದ. ಕಟ್ಟಲು ಜಾಗ ಉಂಟಾ ಅಂದೆ.

"ಗಟ್ಟಿ ಗೂಟ ಹಾಕಿದ್ದೇನೆ ಮೇಡಂ. ಹಗ್ಗ ಮಾತ್ರ ನೀವೇ ತರ್ಬೇಕು."

ಹಗ್ಗದ ಮೇಲೆ ನಮ್ಮ ಎರಡು ಬೆಡ್‌ಶೀಟುಗಳು ಇನ್ನೂ ಹಸಿಯಾಗಿದ್ದವು.

"ಹಗ್ಗ ಉಂಟು," ಅಂದೆ. "ಜನ ಇಲ್ಲ."