ನಾಸಿಬೆಕೊ ಅಜ್ಜಿ ಬೆರಳು ಚಾಚಿದ್ದು

ಮಲಾವಿ ದೇಶದ ಶೀರೆ ನದಿಯ ಬಯಲಲ್ಲಿ ಚಿಂಬಾಲವೆಂಬ ಊರಿನ ಆಸ್ಪತ್ರೆ ಎಂದರೆ ತಗಡು ಹೊದಿಸಿದ ಎರಡು ಕೋಣೆ, ಮುಂದೊಂದು ಹುಣಸೆ ಮರ, ಒಳಗೆ ನರ್ಸ್ ಅಲೆಫಾ. ಕಟ್ಟಡ, ಔಷಧಿ, ಸಂಬಳ ಎಲ್ಲ ದೂರದೇಶದ ದತ್ತಿ ಸಂಸ್ಥೆಯದು. ಜನರಿಂದ ಬೈಸಿಕೊಳ್ಳುವುದು ಮಾತ್ರ ಅವಳ ಪಾಲಿನದು. ಗಂಡ ತೀರಿಕೊಂಡ ಮೇಲೆ ಪಟ್ಟಣದ ದೊಡ್ಡಾಸ್ಪತ್ರೆ ಬಿಟ್ಟು ತಾಯಿಯ ಊರಿಗೆ ಬಂದವಳು, ಇಲ್ಲೇ ಬೇರು ಬಿಟ್ಟಿದ್ದಳು.

ಆ ಮಳೆಗಾಲದಲ್ಲಿ ನದಿಯಾಚೆಯಿಂದ ಒಂದು ಸುದ್ದಿ ಹಬ್ಬಿತು. ಆಸ್ಪತ್ರೆಯವರು ಬೆರಳು ಚುಚ್ಚುವುದು ಜ್ವರ ನೋಡಲಿಕ್ಕಲ್ಲ, ರಕ್ತ ಹೀರಿ ಕುಡಿಯಲಿಕ್ಕೆ, ಮಿಕ್ಕದ್ದು ಮಾರಲಿಕ್ಕೆ ಎಂದು. ಜನ ಬರುವುದನ್ನೇ ಬಿಟ್ಟರು. ಜೋಳದ ಹೊಲದ ದಾರಿಯಲ್ಲಿ ಅವಳನ್ನು ಕಂಡರೆ ತಾಯಂದಿರು ಮಕ್ಕಳನ್ನು ಬಳಿಗೆ ಎಳೆದುಕೊಳ್ಳುತ್ತಿದ್ದರು. ಬೀಗ ಹಾಕಿ ಬಂದುಬಿಡಿ ಎಂದು ಸಂಸ್ಥೆಯವರು ಫೋನಿನಲ್ಲಿ ಹೇಳಿದರು. "ಇವತ್ತೊಂದಿನ ನೋಡ್ತೀನಿ" ಎಂದು ಅಲೆಫಾ ದಿನವೂ ಅದೇ ಮಾತು ಹೇಳಿ ತಳ್ಳುತ್ತ ಬಂದಳು.

ಊರಲ್ಲಿ ಎಲ್ಲರಿಗಿಂತ ದೊಡ್ಡ ಬಾಯಿ ಸೂಲಗಿತ್ತಿ ನಾಸಿಬೆಕೊ ಅಜ್ಜಿಯದು. ಹೆರಿಗೆಗಳೆಲ್ಲ ಆಸ್ಪತ್ರೆಗೆ ಹೋದಂದಿನಿಂದ ಅವಳಿಗೆ ಅಲೆಫಾಳನ್ನು ಕಂಡರೆ ಸಿಟ್ಟು. ಬೋರ್‌ವೆಲ್ ಬಳಿ ನಿಂತು, "ನೋಡ್ರೇ ಆ ನರ್ಸಮ್ಮನ ಕೆನ್ನೆ! ಬರೀ ಸೊಪ್ಪು ತಿಂದು ಹಂಗಾಗುತ್ತೇನ್ರೇ?" ಎಂದು ನಗಿಸುತ್ತಿದ್ದಳು.

ಒಂದು ಬೆಳಿಗ್ಗೆ ಅದೇ ಅಜ್ಜಿ ಮರಿಮಗ ಯಾಮಿಕಾನಿಯನ್ನು ಬೆನ್ನಿಗೆ ಕಟ್ಟಿಕೊಂಡು ಏದುಸಿರು ಬಿಡುತ್ತ ಬಂದಳು. ಕೂಸಿನ ಕತ್ತು ವಾಲಿತ್ತು. ಮನೆಯಲ್ಲೇ ಎರಡು ಸಲ ಸೆಟೆದುಕೊಂಡಿತ್ತಂತೆ. ಹುಣಸೆ ಮರದಡಿ ಯಾರೂ ಒಳಗೆ ಹೋಗದಂತೆ ನಾಲ್ಕಾರು ಗಂಡಸರು ದೊಣ್ಣೆ ಹಿಡಿದು ನಿಂತಿದ್ದರು. ಅವರಲ್ಲೊಬ್ಬ, ಸೈಕಲ್ ಬಾಡಿಗೆಯ ಸಿಟೋಲೊ, ಅಡ್ಡ ಬಂದ.

"ಎಲ್ಲಿಗಜ್ಜಿ? ನೀನೇ ತಾನೆ ರಕ್ತ ಕುಡೀತಾರೆ ಅಂದಿದ್ದು?"

"ಅಂದಿದ್ದೆ ಕಣೋ. ನೀನೇನು ನೋಡಿದ್ಯಾ ಕುಡಿಯೋದನ್ನ? ನಾನೂ ನೋಡಿಲ್ಲ. ಈಗ ನೋಡೋಣ ಬಾ."

ಬಾಗಿಲಿಗೆ ಓಡಿಬಂದ ಅಲೆಫಾಳ ಮೂಗಿನ ಮುಂದೆ ಅಜ್ಜಿ ತನ್ನ ಬೆರಳು ಚಾಚಿದಳು. "ಚುಚ್ಚು ಮಗಳೇ, ಎಲ್ಲರೂ ನೋಡ್ಲಿ. ಈ ಒಣಗಿದ ಮುದುಕೀಲಿ ಎಷ್ಟು ಸಿಗುತ್ತೋ ಅಷ್ಟು ಮಾರ್ಕೋ."

"ಅಜ್ಜಿ, ಮೊದಲು ಮಗು ಕೊಡಿ!"

"ಕೊಡ್ತೀನಿ. ಆದ್ರೆ ಇವರು ನೋಡ್ದೆ ಬಿಡಲ್ಲ. ಬೇಗ ಚುಚ್ಚು!"

ಅಲೆಫಾ ಸೂಜಿ ತಂದು ಚುಚ್ಚಿದಳು. ಸಾಸಿವೆಯಷ್ಟು ರಕ್ತ ಬಂತು. ಅಜ್ಜಿ ಆ ಬೆರಳನ್ನು ಸಿಟೋಲೊನ ಕಣ್ಣೆದುರು ಹಿಡಿದು, "ಇಷ್ಟೇ! ನಿಮ್ಮನೆ ಸೊಳ್ಳೆ ಇದಕ್ಕಿಂತ ಜಾಸ್ತಿ ಕುಡಿಯುತ್ತೆ. ಹೋಗು, ಅದರ ಮೇಲೆ ದೊಣ್ಣೆ ಎತ್ತು" ಎಂದಳು. ಹಿಂದೆ ಯಾರೋ ಕಿಸಕ್ಕೆಂದರು. ಸಿಟೋಲೊ ಬದಿಗೆ ಸರಿದ.

ಮಗುವಿಗೆ ಮಲೇರಿಯಾ ತಲೆಗೇರಿತ್ತು. ಅಲೆಫಾ ಸೂಜಿಮದ್ದು ಕೊಟ್ಟು, ಸಕ್ಕರೆ ನೀರಿನ ಬಾಟಲಿ ಏರಿಸಿದಳು. ದೊಡ್ಡಾಸ್ಪತ್ರೆಗೆ ಕಳಿಸೋಣವೆಂದರೆ ಹೊಳೆ ಉಕ್ಕಿ ದಾರಿಯಿರಲಿಲ್ಲ. ಉಳಿದದ್ದು ಕಾಯುವುದು. ಅಜ್ಜಿ ಮಗುವಿನ ಅಂಗಾಲು ತಿಕ್ಕುತ್ತ ಕೂತಳು.

ಬಿಸಿಲು ಇಳಿಯುವ ಹೊತ್ತಿಗೆ ಯಾಮಿಕಾನಿ ಕಣ್ಣು ಬಿಟ್ಟ, ಮುಖ ಸಿಂಡರಿಸಿದ, ಗಂಟಲು ಹರಿಯುವಂತೆ ಅತ್ತ. ಎತ್ತಿಕೊಂಡ ಅಲೆಫಾಳ ಬಿಳಿ ಅಂಗಿಯ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ದ.

"ಹೊಯ್ದ! ಹೊಯ್ದ ಕಣ್ರೋ!" ಅಜ್ಜಿ ಬಾಗಿಲಿಗೆ ಬಂದು ಕೂಗಿದಳು. ಹೊರಗಿದ್ದವರೆಲ್ಲ ನಕ್ಕರು. ಸಿಟೋಲೊನೂ ನಕ್ಕ. ಅಲೆಫಾ ಗೋಡೆಗೊರಗಿ ನೆಲದ ಮೇಲೆ ಕುಸಿದು, ಒದ್ದೆ ಅಂಗಿಯಲ್ಲೇ ಮಗುವನ್ನು ಅಪ್ಪಿ, ನಗುತ್ತಲೇ ಅತ್ತಳು. ತಿಂಗಳಿಡೀ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಂತಾಗಿತ್ತು.

"ಎದ್ದೇಳೇ, ಬಟ್ಟೆ ಬದಲಾಯಿಸು" ಎಂದು ಅಜ್ಜಿ ಗದರಿದಳು. "ಹೊರಗೆ ನಾಲ್ಕು ಹೆಂಗಸರು ಮಕ್ಕಳನ್ನ ಎತ್ಕೊಂಡು ಬಂದು ನಿಂತವ್ರೆ. ಅವರ ಬಳಿ ನಾನು ಮಾತಾಡ್ತೀನಿ, ನೀನು ಸೂಜಿ ನೋಡ್ಕೋ."